ತಾಲ್ಮುಡ್

ತಾಲ್ಮುಡ್ ಯಹೂದಿ ಧರ್ಮದ ಮೌಖಿಕ ಪರಂಪರೆಯನ್ನು ಒಳಗೊಂಡ ಬೃಹತ್ ಗ್ರಂಥಸಮುಚ್ಚಯ. ಹೀಬ್ರೂ ಬೈಬಲಿನ ಅನಂತರ ಯಹೂದಿಯರ ಆಚಾರ, ನ್ಯಾಯ, ನೀತಿ ಹಾಗೂ ಚಿಂತನೆಗಳಿಗೆ ಇದೇ ಮುಖ್ಯ ಆಧಾರ. ಇದರಲ್ಲಿ ಎರಡು ಪದರಗಳಿವೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಹೀಬ್ರೂ ಭಾಷೆಯಲ್ಲಿ ಸಂಕಲಿತವಾದ 'ಮಿಶ್ನಾ' ಮೂಲಪಾಠ. ಅದನ್ನು ಕುರಿತು ಮುಂದಿನ ಕೆಲವು ಶತಮಾನಗಳಲ್ಲಿ ಮುಖ್ಯವಾಗಿ ಅರಾಮಿಕ್ ಭಾಷೆಯಲ್ಲಿ ಬೆಳೆದ ಚರ್ಚೆ 'ಗೆಮಾರಾ'. ಭಾರತೀಯ ಓದುಗರು ಇವುಗಳ ಸಂಬಂಧವನ್ನು ಸ್ಥೂಲವಾಗಿ ಸೂತ್ರ ಮತ್ತು ಭಾಷ್ಯಗಳ ಸಂಬಂಧಕ್ಕೆ ಹೋಲಿಸಿಕೊಳ್ಳಬಹುದು. ಆದರೆ ಒಂದು ವ್ಯತ್ಯಾಸವಿದೆ. ಪೂರ್ವಪಕ್ಷವನ್ನು ಖಂಡಿಸಿ ಸಿದ್ಧಾಂತವನ್ನು ಸ್ಥಾಪಿಸುವುದು ಭಾಷ್ಯದ ಗುರಿಯಾದರೆ, ತಾಲ್ಮುಡ್ ಅನೇಕ ಕಡೆ ವಾದವನ್ನು ತೀರ್ಮಾನವಿಲ್ಲದೆಯೇ ಬಿಡುತ್ತದೆ. ಸೋತ ಪಕ್ಷದ ಮಾತನ್ನೂ ಹೇಳಿದವರ ಹೆಸರಿನೊಂದಿಗೆ ಉಳಿಸುತ್ತದೆ.

ಹೆಸರು

'ತಾಲ್ಮುಡ್' ಪದವು 'ಕಲಿ' ಎಂಬ ಅರ್ಥದ ಹೀಬ್ರೂ ಧಾತುವಿನಿಂದ ಬಂದಿದೆ; ಕಲಿಕೆ, ಅಧ್ಯಯನ ಎಂಬುದು ಅದರ ಅರ್ಥ. ಸಂಪ್ರದಾಯಸ್ಥರ ನಂಬಿಕೆಯಂತೆ ಸೀನಾಯಿ ಬೆಟ್ಟದ ಮೇಲೆ ಮೋಶೆಗೆ ದೇವರಿಂದ ಎರಡು ಬಗೆಯ ಉಪದೇಶ ದೊರೆಯಿತು. ಒಂದು ಬರೆದಿಟ್ಟ ತೋರಾ, ಎಂದರೆ ಬೈಬಲಿನ ಮೊದಲ ಐದು ಪುಸ್ತಕಗಳು. ಇನ್ನೊಂದು ಗುರುಶಿಷ್ಯ ಪರಂಪರೆಯಲ್ಲಿ ಬಾಯಿಂದ ಬಾಯಿಗೆ ಬಂದ ಮೌಖಿಕ ತೋರಾ. ಈ ಎರಡನೆಯದರ ಲಿಖಿತ ರೂಪವೇ ತಾಲ್ಮುಡ್ ಎಂದು ಭಾವಿಸಲಾಗುತ್ತದೆ. ಎಂಟನೆಯ ಶತಮಾನದಿಂದ ರೂಪುಗೊಂಡ ಕರಾಯಿಟ್ ಪಂಥದವರು ಲಿಖಿತ ತೋರಾವನ್ನು ಮಾತ್ರ ಒಪ್ಪಿ ತಾಲ್ಮುಡ್‌ನ ಪ್ರಾಮಾಣ್ಯವನ್ನು ನಿರಾಕರಿಸಿದರು.

ಹಿನ್ನೆಲೆ

ಕ್ರಿ.ಶ. 70ರಲ್ಲಿ ಟೈಟಸ್‌ನ ನೇತೃತ್ವದ ರೋಮನ್ ಸೈನ್ಯವು ಜೆರುಸಲೆಮಿನ ದೇವಾಲಯವನ್ನು ನಾಶಮಾಡಿತು. ಅದುವರೆಗೆ ಯಹೂದಿಯರ ಧಾರ್ಮಿಕ ಬದುಕಿನ ಕೇಂದ್ರವಾಗಿದ್ದ ಬಲಿಪೂಜೆ ನಿಂತುಹೋಯಿತು. ಯಾಜಕರಿಗೆ ಕೆಲಸವಿಲ್ಲದಾಯಿತು. ದೇವಾಲಯವಿಲ್ಲದ ಧರ್ಮ ಉಳಿಯಬಲ್ಲುದೇ ಎಂಬುದು ಅಂದಿನ ಪ್ರಶ್ನೆಯಾಗಿತ್ತು.

ಈ ಸಂದರ್ಭದ ಒಂದು ಐತಿಹ್ಯವನ್ನು ತಾಲ್ಮುಡ್ ಹೇಳುತ್ತದೆ. ಮುತ್ತಿಗೆಗೊಳಗಾಗಿದ್ದ ಜೆರುಸಲೆಮಿನಿಂದ ರಬ್ಬಿ ಯೋಹಾನನ್ ಬೆನ್ ಜಕ್ಕಾಯಿ ಅವರನ್ನು ಶಿಷ್ಯರು ಸತ್ತವರಂತೆ ಶವಪೆಟ್ಟಿಗೆಯಲ್ಲಿ ಮಲಗಿಸಿ ಹೊರಗೆ ಸಾಗಿಸಿದರು. ಅವರು ರೋಮನ್ ಸೇನಾಧಿಪತಿ ವೆಸ್ಪೇಷಿಯನ್‌ನ ಮುಂದೆ ನಿಂತು, ಯವ್ನೆ ಎಂಬ ಊರನ್ನೂ ಅಲ್ಲಿನ ವಿದ್ವಾಂಸರನ್ನೂ ತಮಗೆ ಬಿಟ್ಟುಕೊಡುವಂತೆ ಬೇಡಿದರು. ನಗರವನ್ನೇ ಏಕೆ ಬೇಡಲಿಲ್ಲವೆಂದು ಅವರನ್ನು ಆಕ್ಷೇಪಿಸಿದವರ ಮಾತೂ ಅದೇ ಪುಟದಲ್ಲಿದೆ. ಐತಿಹ್ಯದ ಚಾರಿತ್ರಿಕತೆ ಏನೇ ಇರಲಿ, ಯವ್ನೆಯಲ್ಲಿ ವಿದ್ವಾಂಸರ ಕೇಂದ್ರವೊಂದು ಬೆಳೆಯಿತು. ಬಲಿಪೀಠದ ಸ್ಥಾನವನ್ನು ಪ್ರಾರ್ಥನೆ ಮತ್ತು ಅಧ್ಯಯನಗಳು ಕ್ರಮೇಣ ಪಡೆದುಕೊಂಡವು.

ಮಿಶ್ನಾ

ಚದುರಿಹೋಗುತ್ತಿದ್ದ ಮೌಖಿಕ ಪಾಠಗಳನ್ನು ಗಲಿಲಾಯದಲ್ಲಿದ್ದ ರಬ್ಬಿ ಯೆಹೂದಾ ಹನಾಸಿ ಸುಮಾರು ಕ್ರಿ.ಶ. 200ರಲ್ಲಿ ಕ್ರಮಗೊಳಿಸಿದರು. ಮಿಶ್ನಾದಲ್ಲಿ ಆರು ವಿಭಾಗಗಳೂ ಅವುಗಳೊಳಗೆ 63 ಪ್ರಕರಣಗಳೂ ಇವೆ. ವಿಭಾಗಗಳು ಇಂತಿವೆ:

ಜೆರಾಯಿಮ್ (ಬೀಜಗಳು): ಬೇಸಾಯದ ನಿಯಮಗಳು, ಬಡವರ ಮತ್ತು ಯಾಜಕರ ಪಾಲು, ಮೊದಲಲ್ಲಿ ಪ್ರಾರ್ಥನೆಯ ಪ್ರಕರಣ.
ಮೋಯೆದ್ (ಹಬ್ಬಗಳು): ಸಬ್ಬತ್, ಪಸ್ಕ ಮೊದಲಾದ ಪುಣ್ಯದಿನಗಳು.
ನಾಶಿಮ್ (ಸ್ತ್ರೀಯರು): ವಿವಾಹ, ವಿಚ್ಛೇದನ, ಹರಕೆಗಳು.
ನೆಜಿಕಿನ್ (ಹಾನಿಗಳು): ಆಸ್ತಿ, ಪರಿಹಾರ, ನ್ಯಾಯಾಲಯಗಳು.
ಕೊದಾಶಿಮ್ (ಪವಿತ್ರ ವಸ್ತುಗಳು): ಬಲಿಪೂಜೆ ಮತ್ತು ದೇವಾಲಯ.
ತೊಹೊರೋತ್ (ಶುದ್ಧಿಗಳು): ಮಡಿ ಮತ್ತು ಮೈಲಿಗೆಯ ನಿಯಮಗಳು.

ಕೊನೆಯ ಎರಡು ವಿಭಾಗಗಳ ಬಹುಭಾಗ ದೇವಾಲಯವಿದ್ದರೆ ಮಾತ್ರ ಅನ್ವಯವಾಗುವಂಥದು. ದೇವಾಲಯ ಬಿದ್ದು ನೂರು ವರ್ಷಗಳ ಮೇಲಾದರೂ ಅದರ ವಿವರಗಳನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ್ದು ಗಮನಾರ್ಹ. ಕಟ್ಟಡವಾಗಿ ಕಳೆದುಹೋದುದನ್ನು ಸಂಕಲನಕಾರರು ಪಾಠವಾಗಿ ಉಳಿಸಿಕೊಂಡರು.

ಗೆಮಾರಾ ಮತ್ತು ಎರಡು ತಾಲ್ಮುಡ್‌ಗಳು

ಮಿಶ್ನಾ ಸಿದ್ಧವಾದ ಬಳಿಕ ಅದನ್ನು ಎರಡು ಪ್ರದೇಶಗಳ ವಿದ್ವಾಂಸರು ಪ್ರತ್ಯೇಕವಾಗಿ ವ್ಯಾಸಂಗ ಮಾಡಿದರು. ಗಲಿಲಾಯದ ತಿಬೇರಿಯ ಮೊದಲಾದ ಊರುಗಳಲ್ಲಿ ನಡೆದ ಚರ್ಚೆಗಳು ಸುಮಾರು ಕ್ರಿ.ಶ. 400ರ ಹೊತ್ತಿಗೆ ಒಂದು ರೂಪಕ್ಕೆ ಬಂದವು. ಇದಕ್ಕೆ ಜೆರುಸಲೆಮ್ ತಾಲ್ಮುಡ್ ಎಂದು ಹೆಸರು. ಇಂದಿನ ಇರಾಕಿನಲ್ಲಿದ್ದ ಸೂರಾ, ನೆಹಾರ್ದೆಯಾ, ಪುಂಬೆದಿತಾ ಎಂಬ ವಿದ್ಯಾಕೇಂದ್ರಗಳ ಚರ್ಚೆಗಳು ಬ್ಯಾಬಿಲೋನಿಯನ್ ತಾಲ್ಮುಡ್ ಆದವು. ಇದರ ಸಂಕಲನದ ಕೀರ್ತಿಯನ್ನು ಪರಂಪರೆಯು ರಾವ್ ಆಶಿ ಮತ್ತು ರಾವಿನಾ ಅವರಿಗೆ ಸಲ್ಲಿಸುತ್ತದೆ; ಅಂತಿಮ ರೂಪ ಬಂದದ್ದು ಆರನೆಯ ಶತಮಾನದ ಸುಮಾರಿಗೆ. ವಿಸ್ತಾರದಲ್ಲಿಯೂ ಪ್ರಾಮಾಣ್ಯದಲ್ಲಿಯೂ ಇದೇ ದೊಡ್ಡದು. 'ತಾಲ್ಮುಡ್' ಎಂದಷ್ಟೇ ಹೇಳಿದಾಗ ಸಾಮಾನ್ಯವಾಗಿ ಇದನ್ನೇ ತಿಳಿಯಬೇಕು. ಇಂದಿನ ದಿನಚರಿ ಪಾಠದ ಎಣಿಕೆಯಲ್ಲಿ ಇದಕ್ಕೆ 2,711 ಹಾಳೆಗಳು.

ಇದರಲ್ಲಿನ ವಿಷಯವನ್ನು 'ಹಲಾಖಾ' ಮತ್ತು 'ಅಗ್ಗಾದಾ' ಎಂದು ವಿಂಗಡಿಸುವುದು ರೂಢಿ. ಹಲಾಖಾ ಎಂದರೆ ಆಚರಣೆಗೆ ಸಂಬಂಧಿಸಿದ ಶಾಸ್ತ್ರ. ಅಗ್ಗಾದಾ ಎಂದರೆ ಕಥೆ, ಉಪಮೆ, ಗಾದೆ, ಗುರುಗಳ ಜೀವನಪ್ರಸಂಗ, ವೈದ್ಯ, ಸ್ವಪ್ನವಿಚಾರ ಇತ್ಯಾದಿ. ಎರಡೂ ಒಂದೇ ಪುಟದಲ್ಲಿ ಬೆರೆತು ಬರುತ್ತವೆ.

ವಾದದ ಕ್ರಮ

ಬ್ಯಾಬಿಲೋನಿಯನ್ ತಾಲ್ಮುಡ್‌ನಲ್ಲಿ ಬಹುತೇಕ ಪ್ರತಿಯೊಂದು ಪ್ರಕರಣವೂ ಎರಡನೆಯ ಹಾಳೆಯಿಂದ ಆರಂಭವಾಗುತ್ತದೆ. ಒಂದನೆಯ ಸಂಖ್ಯೆಯ ಹಾಳೆ ಇಲ್ಲ. ಆರಂಭವನ್ನು ಯಾರೂ ಪೂರ್ಣವಾಗಿ ಕಲಿತವರಲ್ಲ ಎಂಬುದನ್ನು ಇದು ನೆನಪಿಸುತ್ತದೆಂದು ಬೋಧಕರು ಹೇಳುವುದುಂಟು.

'ಬೆರಾಖೋತ್' ಎಂಬ ಮೊದಲ ಪ್ರಕರಣವು ದೇವರ ಸ್ವರೂಪದ ವಿವರಣೆಯಿಂದ ತೊಡಗದೆ ಒಂದು ಪ್ರಶ್ನೆಯಿಂದ ತೊಡಗುತ್ತದೆ: 'ಶೆಮಾ' ಎಂಬ ಸಂಜೆಯ ಪಠಣವನ್ನು ಯಾವ ಹೊತ್ತಿನಿಂದ ಮಾಡಬಹುದು? ಯಾಜಕರು ತಮ್ಮ ಪಾಲಿನ ಪವಿತ್ರ ಆಹಾರವನ್ನು ಉಣ್ಣಲು ಒಳಹೋಗುವ ಹೊತ್ತಿನಿಂದ ಎಂದು ಮಿಶ್ನಾ ಉತ್ತರಿಸುತ್ತದೆ. ದೇವಾಲಯ ಹೋದ ಮೇಲೂ ಹೊತ್ತನ್ನು ಅಳೆಯುವುದು ಯಾಜಕರ ದಿನಚರಿಯಿಂದಲೇ. ಎಲ್ಲಿಯವರೆಗೆ ಎಂಬುದಕ್ಕೆ ಮೂರು ಮತಗಳಿವೆ. ರಾತ್ರಿಯ ಮೊದಲ ಜಾವದವರೆಗೆ ಎನ್ನುತ್ತಾರೆ ರಬ್ಬಿ ಎಲಿಯೆಜರ್. ನಡುರಾತ್ರಿಯವರೆಗೆ ಎನ್ನುತ್ತಾರೆ ಉಳಿದ ವಿದ್ವಾಂಸರು. ಬೆಳಗಿನವರೆಗೆ ಎನ್ನುತ್ತಾರೆ ರಬ್ಬಾನ್ ಗಮ್ಲಿಯೇಲ್. ಗಮ್ಲಿಯೇಲರ ಮಕ್ಕಳು ಔತಣದಿಂದ ತಡವಾಗಿ ಮನೆಗೆ ಬಂದು, ಪಠಣ ಮಾಡಿಲ್ಲವೆಂದು ತಂದೆಗೆ ಒಪ್ಪಿಸಿದ ಪ್ರಸಂಗವೂ ಅಲ್ಲಿಯೇ ಬರುತ್ತದೆ. ಅನಂತರ ಗೆಮಾರಾ ಮಿಶ್ನಾವನ್ನೇ ಪ್ರಶ್ನಿಸುತ್ತದೆ: ಪಠಣ ಮಾಡಬೇಕೆಂಬುದಕ್ಕೆ ಆಧಾರವೇನು, ಬೆಳಗನ್ನು ಬಿಟ್ಟು ಸಂಜೆಯಿಂದ ಆರಂಭಿಸಿದ್ದೇಕೆ? ಮಲಗುವುದನ್ನು ಮೊದಲು, ಏಳುವುದನ್ನು ಆಮೇಲೆ ಹೇಳುವ ಧರ್ಮೋಪದೇಶಕಾಂಡದ ಮಾತಿನಿಂದಲೂ, ಸಂಜೆಯನ್ನು ಮೊದಲು ಹೇಳುವ ಸೃಷ್ಟಿಯ ವೃತ್ತಾಂತದಿಂದಲೂ ಉತ್ತರ ದೊರೆಯುತ್ತದೆ.

ವ್ಯವಹಾರದ ಪ್ರಶ್ನೆಗಳಲ್ಲಿಯೂ ಇದೇ ಕ್ರಮ. 'ಬಾವಾ ಮೆಟ್ಸಿಯಾ' ಪ್ರಕರಣದ ಆರಂಭದಲ್ಲಿ ಇಬ್ಬರು ಒಂದೇ ಉಡುಪನ್ನು ಹಿಡಿದುಕೊಂಡು ಬರುತ್ತಾರೆ. ಇಬ್ಬರೂ ಪೂರ್ತಿ ತಮ್ಮದೆಂದರೆ, ಅರ್ಧಕ್ಕೆ ಕಡಿಮೆಯಿಲ್ಲದ ಹಕ್ಕು ತಮಗಿದೆಯೆಂದು ಪ್ರಮಾಣ ಮಾಡಿ ಸಮನಾಗಿ ಹಂಚಿಕೊಳ್ಳಬೇಕು. ಒಬ್ಬನು ಪೂರ್ತಿ ತನ್ನದೆಂದೂ ಇನ್ನೊಬ್ಬನು ಅರ್ಧ ಮಾತ್ರ ತನ್ನದೆಂದೂ ಹೇಳಿದರೆ, ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು ಭಾಗ. ಏಕೆಂದರೆ ವಿವಾದವಿರುವುದು ಅರ್ಧದ ಬಗ್ಗೆ ಮಾತ್ರ.

ಬೈಬಲಿನ 'ಕಣ್ಣಿಗೆ ಕಣ್ಣು' ಎಂಬ ವಿಧಿಯನ್ನು ತಾಲ್ಮುಡ್ ಹಣದ ಪರಿಹಾರವೆಂದು ಅರ್ಥೈಸುತ್ತದೆ. ಒಬ್ಬರ ಕಣ್ಣು ದೊಡ್ಡದು, ಇನ್ನೊಬ್ಬರದು ಚಿಕ್ಕದಾದರೆ ಸಮಾನ ಶಿಕ್ಷೆಯಾದೀತೇ ಎಂಬುದು ಅಲ್ಲಿನ ತರ್ಕಗಳಲ್ಲೊಂದು. ಗಾಯಮಾಡಿದವನು ಅಂಗಹಾನಿ, ನೋವು, ಚಿಕಿತ್ಸೆ, ದುಡಿಮೆಯ ನಷ್ಟ, ಅವಮಾನ ಎಂಬ ಐದು ಬಾಬುಗಳಲ್ಲಿ ಪರಿಹಾರ ಕೊಡಬೇಕು.

ಭಿನ್ನಮತದ ಸ್ಥಾನ

ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಶಿಷ್ಯಪರಂಪರೆಗಳು ನೂರಾರು ವಿಷಯಗಳಲ್ಲಿ ಭಿನ್ನವಾಗಿದ್ದವು. ಅವು ಮೂರು ವರ್ಷ ವಾದಿಸಿದ ಮೇಲೆ ಒಂದು ಅಶರೀರವಾಣಿ ಕೇಳಿಸಿತೆಂದು ತಾಲ್ಮುಡ್ ಹೇಳುತ್ತದೆ. ಇಬ್ಬರ ಮಾತೂ ಜೀವಂತ ದೇವರ ಮಾತೇ, ಆದರೆ ಆಚರಣೆಯಲ್ಲಿ ಹಿಲ್ಲೆಲ್ ಪಕ್ಷವನ್ನು ಅನುಸರಿಸಬೇಕು ಎಂಬುದು ಅದರ ತಾತ್ಪರ್ಯ. ಎರಡೂ ಸತ್ಯವಾದರೆ ಒಂದು ಪಕ್ಷಕ್ಕೆ ಮಾತ್ರ ಮನ್ನಣೆ ಏಕೆ ಎಂದು ಪ್ರಶ್ನೆ ಹುಟ್ಟುತ್ತದೆ. ಹಿಲ್ಲೆಲ್ ಪಕ್ಷದವರು ಸೌಮ್ಯರಾಗಿದ್ದರು. ತಮ್ಮ ಮಾತಿಗಿಂತ ಮೊದಲು ಎದುರಾಳಿಗಳ ಮಾತನ್ನು ಪಾಠಹೇಳುತ್ತಿದ್ದರು ಎಂಬುದು ಉತ್ತರ. ಬಹುಮತದಿಂದ ತಳ್ಳಿಹಾಕಿದ ಅಭಿಪ್ರಾಯವನ್ನು ದಾಖಲಿಸುವುದೇಕೆಂಬುದಕ್ಕೆ ಮಿಶ್ನಾದ 'ಎದುಯೋತ್' ಪ್ರಕರಣ ಕಾರಣ ಕೊಡುತ್ತದೆ: ಮುಂದೊಂದು ಕಾಲದ ನ್ಯಾಯಾಲಯ ಅದನ್ನು ಅವಲಂಬಿಸಬೇಕಾಗಿ ಬರಬಹುದು.

ಭಿನ್ನಮತಕ್ಕೆ ತೆರಬೇಕಾದ ಬೆಲೆಯನ್ನೂ ತಾಲ್ಮುಡ್ ಮರೆಮಾಚುವುದಿಲ್ಲ. 'ಅಖ್ನಾಯ್ ಒಲೆ'ಯ ಪ್ರಸಂಗ ಇದಕ್ಕೆ ಪ್ರಸಿದ್ಧ ನಿದರ್ಶನ. ಒಂದು ಬಗೆಯ ಒಲೆಗೆ ಮೈಲಿಗೆ ತಗಲುವುದಿಲ್ಲವೆಂದು ರಬ್ಬಿ ಎಲಿಯೆಜರ್ ಒಬ್ಬರೇ ವಾದಿಸಿದರು. ತಮ್ಮ ಮಾತು ಸರಿಯಾಗಿದ್ದರೆ ಮರವೇ ಸಾಕ್ಷಿ ಎನ್ನಲು ಮರ ಬೇರುಸಹಿತ ಕಿತ್ತು ದೂರ ಸರಿಯಿತು. ಕಾಲುವೆಯ ನೀರು ಹಿಮ್ಮುಖವಾಗಿ ಹರಿಯಿತು. ಪಾಠಶಾಲೆಯ ಗೋಡೆಗಳು ಬಾಗಿದವು. ಕೊನೆಗೆ ಅಶರೀರವಾಣಿಯೂ ಅವರ ಪರವಾಗಿ ನುಡಿಯಿತು. ಆಗ ರಬ್ಬಿ ಯೆಹೋಶುವಾ ಎದ್ದುನಿಂತು, ಧರ್ಮಶಾಸ್ತ್ರವು ಈಗ ಆಕಾಶದಲ್ಲಿಲ್ಲ ಎಂಬರ್ಥದ ಬೈಬಲಿನ ಮಾತನ್ನು ಮುಂದಿಟ್ಟರು. ತೀರ್ಮಾನ ಮನುಷ್ಯರ ಬಹುಮತಕ್ಕೆ ಸೇರಿದ್ದೆಂಬುದು ಅದರ ಭಾವ. ತನ್ನ ಮಕ್ಕಳು ತನ್ನನ್ನು ಸೋಲಿಸಿದರೆಂದು ದೇವರು ನಕ್ಕನಂತೆ.

ಈ ಕಥೆಯನ್ನು ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ, ತಾಲ್ಮುಡ್ ನಿಲ್ಲಿಸುವುದಿಲ್ಲ. ಬಹುಮತದವರು ಎಲಿಯೆಜರರಿಗೆ ಬಹಿಷ್ಕಾರ ಹಾಕಿದರು. ಸುದ್ದಿ ತಿಳಿಸಲು ಹೋದ ರಬ್ಬಿ ಅಕಿವಾ ಕಪ್ಪು ಉಡುಪು ಧರಿಸಿ ದೂರದಲ್ಲಿ ಕುಳಿತರು. ವೃದ್ಧ ಗುರು ಕಣ್ಣೀರಿಟ್ಟರು. ಅವರ ಪತ್ನಿ ಇಮ್ಮಾ ಶಾಲೋಮ್, ಬಹಿಷ್ಕಾರದ ಕಾಲದ ಮುಖ್ಯಸ್ಥರಾಗಿದ್ದ ಗಮ್ಲಿಯೇಲರ ಸೋದರಿ. ಗಂಡನ ದುಃಖದ ಪ್ರಾರ್ಥನೆ ಅಣ್ಣನಿಗೆ ತಟ್ಟೀತೆಂದು ಆಕೆ ಅವರನ್ನು ಸಾಷ್ಟಾಂಗ ಬೀಳದಂತೆ ತಡೆಯುತ್ತಿದ್ದಳು. ಒಂದು ದಿನ ಕಾವಲು ತಪ್ಪಿತು, ಗಮ್ಲಿಯೇಲರು ತೀರಿಕೊಂಡರು. ಗಮನಿಸಬೇಕಾದುದೆಂದರೆ, ಈ ಪ್ರಸಂಗ ಬರುವುದು ಶುದ್ಧಿಯ ಪ್ರಕರಣದಲ್ಲಲ್ಲ, ಮಾತಿನಿಂದ ಇನ್ನೊಬ್ಬರನ್ನು ನೋಯಿಸುವ ಪಾಪವನ್ನು ವಿಚಾರಿಸುವ ಅಧ್ಯಾಯದಲ್ಲಿ. ತೀರ್ಪು ಸರಿಯಾಗಿದ್ದರೂ ಸೋತವರನ್ನು ನಡೆಸಿಕೊಂಡ ರೀತಿ ತಪ್ಪಾಗಿರಬಹುದೆಂಬ ಸೂಚನೆ ಇಲ್ಲಿದೆ.

ಕುಟುಂಬ ಮತ್ತು ನ್ಯಾಯ

ಯಹೂದಿ ಧರ್ಮಶಾಸ್ತ್ರದಲ್ಲಿ ಗಂಡನು ವಿಚ್ಛೇದನ ಪತ್ರ ಕೊಡದಿದ್ದರೆ, ಅಥವಾ ಅವನು ಸತ್ತದ್ದು ದೃಢಪಡದಿದ್ದರೆ ಹೆಂಡತಿ ಮರುಮದುವೆಯಾಗುವಂತಿಲ್ಲ. ಇಂಥವಳನ್ನು 'ಅಗುನಾ', ಎಂದರೆ ಕಟ್ಟಿಗೊಳಗಾದವಳು ಎನ್ನುತ್ತಾರೆ. ಸಾಮಾನ್ಯವಾಗಿ ಸಾಕ್ಷ್ಯಕ್ಕೆ ಇಬ್ಬರು ಪುರುಷರು ಬೇಕು. ಆದರೆ ಯುದ್ಧದಲ್ಲಿಯೋ ದೂರದ ಪ್ರಯಾಣದಲ್ಲಿಯೋ ಗಂಡ ಮಡಿದಾಗ ಹೆಂಡತಿ ಕೊನೆಯವರೆಗೂ ಬಂಧಿಯಾಗಬಾರದೆಂದು ತಾಲ್ಮುಡ್‌ನ ವಿದ್ವಾಂಸರು ನಿಯಮವನ್ನು ಸಡಿಲಿಸಿ, ಒಬ್ಬನೇ ಸಾಕ್ಷಿಯ ಅಥವಾ ಒಬ್ಬ ಸ್ತ್ರೀಯ ಮಾತನ್ನೂ ಒಪ್ಪಿದರು. ಎರಡನೆಯ ಮಹಾಯುದ್ಧದಲ್ಲಿ ಕಣ್ಮರೆಯಾದವರ ಪತ್ನಿಯರ ವಿಷಯದಲ್ಲಿ ರಬ್ಬಿಗಳು ಈ ಸಡಿಲಿಕೆಯ ಆಧಾರದಲ್ಲಿಯೇ ತೀರ್ಪು ಹುಡುಕಿದರು. ಬದುಕಿರುವ ಗಂಡನು ಪತ್ರ ನಿರಾಕರಿಸುವ ಸಮಸ್ಯೆ ಮಾತ್ರ ಸಂಪ್ರದಾಯಸ್ಥ ಸಮಾಜದಲ್ಲಿ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ.

ವ್ಯಾಖ್ಯಾನಗಳು ಮತ್ತು ಪುಟದ ವಿನ್ಯಾಸ

ವಿರಾಮಚಿಹ್ನೆಗಳಿಲ್ಲದ, ಅತಿ ಸಂಕ್ಷಿಪ್ತವಾದ ತಾಲ್ಮುಡ್ ಪಾಠವನ್ನು ಗುರುವಿಲ್ಲದೆ ಓದುವುದು ಕಷ್ಟ. ಫ್ರಾನ್ಸಿನ ತ್ರ್ವಾ ಪಟ್ಟಣದ ರಾಶಿ (1040–1105) ಬರೆದ ವ್ಯಾಖ್ಯಾನವು ಈ ಕೊರತೆಯನ್ನು ತುಂಬಿತು. ಅವರ ಮೊಮ್ಮಕ್ಕಳೂ ನಂತರದ ವಿದ್ವಾಂಸರೂ ಬರೆದ 'ತೋಸಾಫೋತ್' ಟಿಪ್ಪಣಿಗಳು ಅನೇಕ ಕಡೆ ರಾಶಿಯವರನ್ನೇ ಖಂಡಿಸುತ್ತವೆ. ಮುದ್ರಿತ ಪುಟದಲ್ಲಿ ಮೂಲಪಾಠ ನಡುವೆ, ರಾಶಿ ಒಳಬದಿಯಲ್ಲಿ, ತೋಸಾಫೋತ್ ಹೊರಬದಿಯಲ್ಲಿ ಇರುತ್ತವೆ. ಹೀಗೆ ಶತಮಾನಗಳ ಅಂತರವುಳ್ಳವರು ಒಂದೇ ಪುಟದಲ್ಲಿ ವಾದಿಸುತ್ತಾರೆ.

ತಾಲ್ಮುಡ್‌ನ ಚರ್ಚೆಗಳಿಂದ ತೀರ್ಪುಗಳನ್ನು ಮಾತ್ರ ಆಯ್ದು ಜೋಡಿಸಿದ ಗ್ರಂಥಗಳೂ ಹುಟ್ಟಿದವು. ಹನ್ನೆರಡನೆಯ ಶತಮಾನದಲ್ಲಿ ಮೈಮೊನಿಡೀಸ್ ರಚಿಸಿದ 14 ಭಾಗಗಳ 'ಮಿಶ್ನೆ ತೋರಾ' ಮತ್ತು 1565ರಲ್ಲಿ ವೆನಿಸ್‌ನಲ್ಲಿ ಮುದ್ರಣಗೊಂಡ ಯೋಸೆಫ್ ಕಾರೋ ಅವರ 'ಶುಲ್ಹಾನ್ ಆರೂಖ್' ಇವುಗಳಲ್ಲಿ ಮುಖ್ಯವಾದವು.

ದಹನ ಮತ್ತು ಉಳಿವು

ಯಹೂದಿ ಧರ್ಮವನ್ನು ತೊರೆದಿದ್ದ ನಿಕೊಲಾಸ್ ದೊನಿನ್ ಎಂಬಾತನ ಆರೋಪಗಳ ಮೇಲೆ 1240ರಲ್ಲಿ ಪ್ಯಾರಿಸ್‌ನಲ್ಲಿ ತಾಲ್ಮುಡ್‌ನ ವಿಚಾರಣೆ ನಡೆಯಿತು. ರಬ್ಬಿ ಯೆಹಿಯೇಲ್ ಪ್ರತಿವಾದಿಸಿದರೂ ಫಲವಾಗಲಿಲ್ಲ. ಕೆಲವು ವರ್ಷಗಳಲ್ಲೇ, ಸಾಮಾನ್ಯವಾಗಿ ಹೇಳುವಂತೆ 1242ರಲ್ಲಿ, 24 ಬಂಡಿಗಳಷ್ಟು ಹಸ್ತಪ್ರತಿಗಳನ್ನು ಸುಡಲಾಯಿತು. ಮುದ್ರಣವಿಲ್ಲದ ಆ ಕಾಲದಲ್ಲಿ ಒಂದೊಂದು ಪ್ರತಿಯೂ ದೀರ್ಘಕಾಲದ ಕೈಬರಹದ ಶ್ರಮವಾಗಿತ್ತು. ರೊಥೆನ್‌ಬರ್ಗ್‌ನ ರಬ್ಬಿ ಮೆಯಿರ್ ಈ ದಹನದ ಬಗ್ಗೆ ರಚಿಸಿದ ಶೋಕಗೀತೆಯನ್ನು ದೇವಾಲಯ ನಾಶದ ಸ್ಮರಣೆಯ ಉಪವಾಸದ ದಿನ ಇಂದಿಗೂ ಪಠಿಸುತ್ತಾರೆ. ಬ್ಯಾಬಿಲೋನಿಯನ್ ತಾಲ್ಮುಡ್‌ನ ಬಹುಮಟ್ಟಿಗೆ ಪೂರ್ಣವಾದ ಮಧ್ಯಯುಗದ ಹಸ್ತಪ್ರತಿ ಒಂದೇ ಒಂದು ಉಳಿದಿದೆ. 1342ರ ಈ ಪ್ರತಿ ಮ್ಯೂನಿಕ್‌ನ ಗ್ರಂಥಾಲಯದಲ್ಲಿದೆ.

1520–23ರಲ್ಲಿ ಕ್ರೈಸ್ತ ಮುದ್ರಕ ಡೇನಿಯಲ್ ಬೊಂಬೆರ್ಗ್ ವೆನಿಸ್‌ನಲ್ಲಿ ಮೊದಲ ಸಂಪೂರ್ಣ ಬ್ಯಾಬಿಲೋನಿಯನ್ ತಾಲ್ಮುಡ್ ಅಚ್ಚುಮಾಡಿದನು. ಹಾಳೆಗಳಿಗೆ ಆತ ಕೊಟ್ಟ ಸಂಖ್ಯಾಕ್ರಮವೇ ಇಂದಿಗೂ ಬಳಕೆಯಲ್ಲಿದೆ. ಮೂವತ್ತು ವರ್ಷಗಳ ಬಳಿಕ, 1553ರಲ್ಲಿ, ಪೋಪ್ ಮೂರನೆಯ ಜೂಲಿಯಸ್‌ನ ಕಾಲದಲ್ಲಿ ರೋಮ್‌ನಲ್ಲಿ ಯಹೂದಿ ಹೊಸವರ್ಷದ ದಿನವೇ ತಾಲ್ಮುಡ್ ಪ್ರತಿಗಳನ್ನು ಸುಟ್ಟರು. ಅದೇ ವರ್ಷ ವೆನಿಸ್‌ನಲ್ಲಿಯೂ ಸುಟ್ಟರು. 1880ರ ದಶಕದಲ್ಲಿ ವಿಲ್ನಾ ನಗರದ ರೊಮ್ ಮುದ್ರಣಾಲಯ ಹೊರತಂದ ಆವೃತ್ತಿ ಪ್ರಮಾಣಭೂತವಾಯಿತು. ಎರಡನೆಯ ಮಹಾಯುದ್ಧದಲ್ಲಿ ವಿಲ್ನಾದ ಯಹೂದಿ ಸಮಾಜವೇ ನಿರ್ನಾಮವಾಯಿತು. ಯುದ್ಧಾನಂತರ ಜರ್ಮನಿಯ ನಿರಾಶ್ರಿತ ಶಿಬಿರಗಳಲ್ಲಿದ್ದ ರಬ್ಬಿಗಳ ಬೇಡಿಕೆಯಂತೆ, ಅಮೆರಿಕದ ಸೈನ್ಯದ ನೆರವಿನಿಂದ ಹೈಡೆಲ್‌ಬರ್ಗ್‌ನಲ್ಲಿ ಮುದ್ರಿತವಾದ ಆವೃತ್ತಿಯ ಮುಖಪುಟದಲ್ಲಿ 1948ರ ವರ್ಷವಿದೆ. ಆ ಪುಟದ ಕೆಳಭಾಗದಲ್ಲಿ ಮುಳ್ಳುತಂತಿಯ ಬೇಲಿಯುಳ್ಳ ಶಿಬಿರದ ಚಿತ್ರವಿದೆ.

ಅಧ್ಯಯನ ಪದ್ಧತಿ

ತಾಲ್ಮುಡ್ ಅನ್ನು ಒಬ್ಬರೇ ಮೌನವಾಗಿ ಓದುವ ರೂಢಿಯಿಲ್ಲ. 'ಯೆಶೀವಾ' ಎಂಬ ಪಾಠಶಾಲೆಗಳಲ್ಲಿ ಇಬ್ಬಿಬ್ಬರು ಎದುರುಬದುರು ಕುಳಿತು ಗಟ್ಟಿಯಾಗಿ ಓದಿ ವಾದಿಸುತ್ತಾರೆ. ಈ ಜೊತೆಗೆ 'ಹವ್ರೂತಾ' ಎಂದು ಹೆಸರು. ಇದರ ಆದರ್ಶವನ್ನು ರಬ್ಬಿ ಯೋಹಾನನ್ ಮತ್ತು ಒಂದು ಕಾಲದಲ್ಲಿ ದರೋಡೆಕೋರನಾಗಿದ್ದ ರೇಶ್ ಲಾಕಿಷ್ ಅವರ ಕಥೆಯಲ್ಲಿ ಕಾಣಬಹುದು. ಒಂದು ಚರ್ಚೆಯಲ್ಲಿ ಯೋಹಾನನ್ ಗೆಳೆಯನ ಹಳೆಯ ಬದುಕನ್ನು ಎತ್ತಿ ಆಡಿದರು. ಮನಸ್ತಾಪ ಬೆಳೆದು ರೇಶ್ ಲಾಕಿಷ್ ಕಾಯಿಲೆ ಬಿದ್ದು ತೀರಿಕೊಂಡರು. ಸಾಂತ್ವನಕ್ಕೆಂದು ಕಳುಹಿಸಿದ ಹೊಸ ಜೊತೆಗಾರ ಪ್ರತಿಯೊಂದು ಮಾತಿಗೂ ಬೆಂಬಲದ ಆಧಾರವನ್ನೇ ಒದಗಿಸಿದ. ರೇಶ್ ಲಾಕಿಷ್ ತಮ್ಮ ಒಂದು ಮಾತಿಗೆ 24 ಆಕ್ಷೇಪ ಎತ್ತುತ್ತಿದ್ದರು, 24 ಉತ್ತರ ಕೊಡುವಷ್ಟರಲ್ಲಿ ವಿಷಯ ತಿಳಿಯಾಗುತ್ತಿತ್ತು ಎಂದು ಯೋಹಾನನ್ ಹಲುಬಿದರು. ದುಃಖದಲ್ಲಿ ಬುದ್ಧಿ ಕದಡಿ ಅವರೂ ಮಡಿದರು.

1923ರಲ್ಲಿ ವಿಯೆನ್ನಾದ ಸಮ್ಮೇಳನವೊಂದರಲ್ಲಿ ರಬ್ಬಿ ಮೆಯಿರ್ ಶಪಿರೊ 'ದಾಫ್ ಯೋಮಿ' ಎಂಬ ಯೋಜನೆಯನ್ನು ಮಂಡಿಸಿದರು. ಪ್ರಪಂಚದ ಎಲ್ಲ ಕಡೆಯ ಯಹೂದಿಯರು ದಿನಕ್ಕೊಂದು ಹಾಳೆಯಂತೆ ಒಂದೇ ಪಾಠ ಓದಬೇಕೆಂಬುದು ಅದರ ಉದ್ದೇಶ. ಒಂದು ಆವರ್ತಕ್ಕೆ ಸುಮಾರು ಏಳೂವರೆ ವರ್ಷ ಬೇಕು. ಹದಿನಾಲ್ಕನೆಯ ಆವರ್ತ 2020ರ ಜನವರಿ 5ರಂದು ಆರಂಭವಾಯಿತು. ಬಹುಕಾಲ ಪುರುಷರಿಗೆ ಮೀಸಲಾಗಿದ್ದ ಈ ಅಧ್ಯಯನಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಸ್ತ್ರೀಯರೂ ಪ್ರವೇಶಿಸಿದರು. 2020ರ ಜನವರಿಯಲ್ಲಿ ಜೆರುಸಲೆಮಿನಲ್ಲಿ ಸಾವಿರಾರು ಸ್ತ್ರೀಯರು ಸೇರಿ ಆವರ್ತದ ಮುಕ್ತಾಯವನ್ನು ಆಚರಿಸಿದರು.

ಟೀಕೆಗಳು

ಸ್ತ್ರೀಯರನ್ನೂ ಅನ್ಯಧರ್ಮೀಯರನ್ನೂ ಕುರಿತ ತಾಲ್ಮುಡ್‌ನ ಕೆಲವು ಮಾತುಗಳು ಯಹೂದಿ ಚಿಂತಕರಿಂದಲೇ ಟೀಕೆಗೊಳಗಾಗಿವೆ. ಇನ್ನೊಂದೆಡೆ, ವಾದದ ಒಂದು ಪಕ್ಷದ ಮಾತನ್ನು ಸಂದರ್ಭದಿಂದ ಕಿತ್ತು, ಅದೇ ಇಡೀ ಗ್ರಂಥದ ಮತವೆಂದು ತೋರಿಸುವ ದ್ವೇಷಸಾಹಿತ್ಯವೂ ಬೆಳೆಯಿತು. 1871ರಲ್ಲಿ ಪ್ರಕಟವಾದ ಆಗಸ್ಟ್ ರೋಲಿಂಗ್‌ನ ಜರ್ಮನ್ ಪುಸ್ತಕ ಇದಕ್ಕೆ ಕುಖ್ಯಾತ ಉದಾಹರಣೆ. ಎಲ್ಲ ಪಕ್ಷಗಳನ್ನೂ ಉಳಿಸುವ ಗ್ರಂಥವನ್ನು ಹೀಗೆ ದುರುಪಯೋಗ ಮಾಡುವುದು ಸುಲಭ.

ಭಾರತದೊಂದಿಗೆ ಸಂಬಂಧ

ತಾಲ್ಮುಡ್‌ನಲ್ಲಿ ಭಾರತದ ಉಲ್ಲೇಖಗಳಿವೆ. ಪ್ರಾಯಶ್ಚಿತ್ತದ ಮಹಾದಿನ ಮಧ್ಯಾಹ್ನದ ಮೇಲೆ ಮಹಾಯಾಜಕನು ಭಾರತದ ನವಿರಾದ ಬಟ್ಟೆ ಧರಿಸುತ್ತಿದ್ದನೆಂದು 'ಯೋಮಾ' ಪ್ರಕರಣ ಹೇಳುತ್ತದೆ. 'ಮೆಗಿಲ್ಲಾ' ಪ್ರಕರಣದಲ್ಲಿ, ಎಸ್ತೇರಳ ಪುಸ್ತಕದ 'ಹೋದು' (ಭಾರತ) ಮತ್ತು 'ಕೂಶ್' ದೇಶಗಳು ಲೋಕದ ಎರಡು ತುದಿಗಳಲ್ಲಿವೆಯೋ ಅಕ್ಕಪಕ್ಕದಲ್ಲಿವೆಯೋ ಎಂದು ರಾವ್ ಮತ್ತು ಶಮುಯೇಲ್ ಭಿನ್ನಾಭಿಪ್ರಾಯ ಪಡುತ್ತಾರೆ.

ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆಗೊಳಿಸಿದ ಪತ್ರವು ಕೈರೋ ನಗರದ ಗೆನಿಜಾ ಸಂಗ್ರಹದಲ್ಲಿ ದೊರೆತಿದೆ. ಇಂಥ ಪತ್ರಗಳ ವಿಧಿಯನ್ನು ತಾಲ್ಮುಡ್‌ನ 'ಗಿತ್ತಿನ್' ಪ್ರಕರಣ ವಿವರಿಸುತ್ತದೆ. ಈ ವರ್ತಕನ ಬದುಕು ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' (1992) ಕೃತಿಯ ವಸುವಾಗಿದೆ. ಅದೇ ಶತಮಾನದ ಪ್ರವಾಸಿ ತುದೇಲಾದ ಬೆಂಜಮಿನ್, ಮಲಬಾರಿನ ಯಹೂದಿಯರಿಗೆ ತಾಲ್ಮುಡ್‌ನ ಅಲ್ಪಸ್ವಲ್ಪ ಪರಿಚಯವಿತ್ತೆಂದು ಬರೆದಿದ್ದಾನೆ.

ಓದಿಗೆ ಪ್ರವೇಶ

ಹೊಸ ಓದುಗರಿಗೆ ಮಿಶ್ನಾದ 'ಪಿರ್ಕೆ ಆವೋತ್' ಪ್ರಕರಣ ಸುಲಭವಾದ ಬಾಗಿಲು. ಇದರಲ್ಲಿ ಕಾನೂನಿಲ್ಲ, ಗುರುಗಳ ನೀತಿವಚನಗಳಿವೆ. ಅನಂತರ 'ಬೆರಾಖೋತ್' ಮತ್ತು 'ಬಾವಾ ಮೆಟ್ಸಿಯಾ' ಪ್ರಕರಣಗಳನ್ನು ಓದಬಹುದು. ಅಡಿನ್ ಸ್ಟೈನ್‌ಸಾಲ್ಟ್ಸ್ (1937–2020) ಇಡೀ ಬ್ಯಾಬಿಲೋನಿಯನ್ ತಾಲ್ಮುಡ್ ಅನ್ನು ಆಧುನಿಕ ಹೀಬ್ರೂ ಅನುವಾದದೊಂದಿಗೆ 2010ರಲ್ಲಿ ಪೂರ್ಣಗೊಳಿಸಿದರು. ಅದನ್ನು ಆಧರಿಸಿದ ಇಂಗ್ಲಿಷ್ ಅನುವಾದ 'ಸೆಫಾರಿಯಾ' ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. ಪರಿಚಯಕ್ಕೆ ಅವರದೇ 'ದಿ ಎಸೆನ್ಷಿಯಲ್ ಟಾಲ್ಮುಡ್' ಮತ್ತು ವಿಷಯಾನುಸಾರ ಜೋಡಿಸಿದ ಅಬ್ರಹಾಂ ಕೋಹೆನ್ ಅವರ 'ಎವೆರಿಮ್ಯಾನ್ಸ್ ಟಾಲ್ಮುಡ್' ಉಪಯುಕ್ತ. ತಾಲ್ಮುಡ್ ಓದುವ ಮನೆಯ ಒಳಬದುಕನ್ನು ಖೈಮ್ ಪೊಟೊಕ್ ಅವರ 'ದಿ ಚೋಸನ್' (1967) ಕಾದಂಬರಿ ಚಿತ್ರಿಸುತ್ತದೆ. ಸಬ್ಬತ್‌ನ ತಾತ್ಪರ್ಯಕ್ಕೆ ಅಬ್ರಹಾಂ ಜೋಶುವಾ ಹೆಶೆಲ್ ಅವರ 'ದಿ ಸಬ್ಬತ್' (1951) ನೋಡಬಹುದು.

ಒಂದು ಪ್ರಕರಣದ ಓದು ಮುಗಿದಾಗ 'ಹದ್ರಾನ್' ಎಂಬ ಪಾಠವನ್ನು ಹೇಳುವ ಪದ್ಧತಿಯಿದೆ. ಓದಿ ಮುಗಿಸಿದ ಪ್ರಕರಣವನ್ನೇ ಉದ್ದೇಶಿಸಿ, ಮತ್ತೆ ಅದರ ಬಳಿಗೆ ಬರುವೆವೆಂದು ಮಾತುಕೊಡುವುದು ಇದರ ಸಾರ. ಅದಾದ ಕೂಡಲೇ ಮುಂದಿನ ಪ್ರಕರಣವನ್ನು ಆರಂಭಿಸುತ್ತಾರೆ.